ಕಣ್ಣಿರುವ ಹೋಳು

ಬಿ.ಎಂ. ರಸ್ತೆಯ ಹೋಟೆಲಿನ ಮೇಲಂತಸ್ತಿನಲ್ಲಿ
ಎರಡು ದಿನದ ತರಬೇತಿ ಮುಗಿಸಿ
ನನ್ನ ಮೂವರು ಮ್ಯಾನೇಜರುಗಳು ಬಂದಿದ್ದಾರೆ.
ಬಗಲಲ್ಲಿ ಫೈಲು, ಫೈಲಿನೊಳಗೆ ಬಾಣಗಳು.
ಬಾಣಗಳೆಲ್ಲ ಮೇಲಕ್ಕೇ ಹೋಗುತ್ತವೆ:
ವರ್ಷಕ್ಕೆ ಹನ್ನೆರಡು ಪರ್ಸೆಂಟು, ಐದು ವರ್ಷ,
ಅಳತೆಗೋಲಿಟ್ಟು ಎಳೆದ ಹಾಗೆ.

ಚೆನ್ನಾಗಿದೆ, ಅಂದೆ. ಚೆನ್ನಾಗಿಯೇ ಇತ್ತು.
ಹೊರಗೆ ಜಲಂಧರಿನ ಬೀಜದ ಲಾರಿ
ಹಿಂದಕ್ಕೆ ಬರುತ್ತಾ ಕಂಬಕ್ಕೆ ತಾಗಿತು.

ನನ್ನನ್ನು ಹಯಾತ್ ಸಾಹೇಬರು ಯಾವ ಹೋಟೆಲಿಗೂ ಕಳಿಸಲಿಲ್ಲ.
ವೇಬ್ರಿಡ್ಜಿನ ಪಕ್ಕ ಒಂದು ಸ್ಟೂಲು, ಒಂದು ನೋಟ್‌ಬುಕ್ಕು.
ಒಂದು ವರ್ಷ ಯಾವ ತೀರ್ಮಾನಕ್ಕೂ ಬಾಯಿ ಹಾಕುವಂತಿಲ್ಲ.
ಸಂಜೆ ಶಟರ್ ಎಳೆಯುವ ಮುಂಚೆ ಒಂದೇ ಪ್ರಶ್ನೆ:
"ಚಂದ್ರಪ್ರಭಾ, ಇವತ್ತು ಯಾರು ಬರಲಿಲ್ಲ?"

ಬಂದವರ ಲೆಕ್ಕ ನನ್ನ ಬಳಿ ಇತ್ತು,
ಚೀಲ, ಕ್ವಿಂಟಲು, ಬಾಡಿಗೆ, ಬಾಕಿ.
ಬಾರದವರಿಗೆ ರಸೀದಿ ಎಲ್ಲಿ ಹರಿಯುವುದು?
ತಿಂಗಳುಗಟ್ಟಲೆ ಸುಮ್ಮನೆ ನಿಂತೆ.
ಒಂದು ದಿನ ಹೊಳೆಯಿತು,
ಕಟ್ಟಾಯದ ಕಡೆಯ ಟ್ರ್ಯಾಕ್ಟರುಗಳು!
ವಿಚಾರಿಸಿದರೆ, ಅಲ್ಲಿ ಆಗಲೇ
ಶುಂಠಿಗೆ ಮಡಿ ಏರಿಸಿದ್ದರು.
ಸಾಹೇಬರು ತಲೆಯಾಡಿಸಿ
ಚಹಾದ ಲೋಟ ನನ್ನ ಕಡೆ ಸರಿಸಿದರು.
ನನಗೆ ಸಿಕ್ಕ ಬಡ್ತಿ ಅದೊಂದೇ.

ಮುಂದಿನ ವರ್ಷ ಜಗಳ.
ಆರೂ ಕೋಣೆ ತುಂಬಿ ಚೆಲ್ಲುವಷ್ಟು ಬುಕಿಂಗು,
ಆರನೆಯದನ್ನು ಖಾಲಿ ಬಿಡು, ಅಂದರು.
ತಂಪು ಮಾಡಿ, ದೀಪ ಹಾಕಿ, ಖಾಲಿ!
ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ.

ನೀತಿಗಾಗಿ ಕಥೆ ಹೇಳುವವರು
ಇಲ್ಲೊಂದು ಅಕಾಲದ ಮಳೆ ತರಿಸುತ್ತಾರೆ,
ಊರವರ ಬೀಜವನ್ನೆಲ್ಲ ಯಾರ್ಡಿನಲ್ಲಿ ಕೊಳೆಸಿ
ನಮ್ಮ ಕೋಣೆಗೆ ಚಿನ್ನದ ಬೆಲೆ ಕಟ್ಟುತ್ತಾರೆ.
ಹಾಗೇನೂ ಆಗಲಿಲ್ಲ.
ಮಳೆ ಪಂಚಾಂಗ ಓದಿಕೊಂಡೇ ಬಂತು.
ಖಾಲಿ ಕೋಣೆ ನಾಲ್ಕು ಲಕ್ಷ ತಿಂದು
ತಣ್ಣಗೆ ಕೂತಿತ್ತು.

ಸಾಹೇಬರು ಗಲ್ಲಾದಿಂದ ಅಂಟಿಸಿಟ್ಟ ಲಕೋಟೆ ತೆಗೆದರು.
ಮಾರ್ಚಿಯಲ್ಲೇ ಬರೆದದ್ದು:
ಯಾಕೆ ಖಾಲಿ ಬಿಡುತ್ತಿದ್ದೇನೆ,
ಏನು ಕಂಡರೆ ನನ್ನದು ತಪ್ಪು ಎಂದು ಒಪ್ಪುತ್ತೇನೆ.
ಕನ್ನಡಕ ಒರೆಸಿ ಎರಡು ಸಲ ಓದಿದರು.
"ಯೋಚನೆ ಸರಿಯಿತ್ತು. ಅದೃಷ್ಟ ಬೇರೆ ಮನೆಯಲ್ಲಿತ್ತು.
ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡ ಮಗಳೇ,
ಒಂದು ಕೊಳೆತರೆ ಇನ್ನೊಂದನ್ನೂ ಕೊಳೆಸುತ್ತೆ."
ನಾಲ್ಕು ಲಕ್ಷದ ಸುದ್ದಿ ಮತ್ತೆ ಎತ್ತಲಿಲ್ಲ.
ನಾನೂ ಮರೆತಿಲ್ಲ.

ಇವತ್ತು ಫೈಲುಗಳನ್ನು ಬದಿಗಿರಿಸಿ
ಮೂವರ ಕೈಗೂ ಒಂದೊಂದು ಚಾಕು ಕೊಟ್ಟು,
ಬಿತ್ತನೆ ಆಲೂಗಡ್ಡೆಯ ಚೀಲ ಸುರಿದು
ಸಣ್ಣತಾಯಮ್ಮನ ಪಕ್ಕ ಕೂರಿಸಿದೆ.

ಧನ್ಯಕುಮಾರ ಚುರುಕು.
ಟಪ್ ಟಪ್ ಟಪ್, ಎಲ್ಲ ಹೋಳೂ ಒಂದೇ ಅಳತೆ.
ಸಣ್ಣತಾಯಮ್ಮ ಅವನ ರಾಶಿಯಿಂದ ಒಂದನ್ನೆತ್ತಿ
ಬೆಳಕಿಗೆ ಹಿಡಿದಳು.
"ಇದು ಕುರುಡು ಕಣಪ್ಪ. ಕಣ್ಣೇ ಇಲ್ಲ. ನೆಟ್ರೆ ಮಣ್ಣಾಯ್ತದೆ."
ಇನ್ನೊಂದು. ಅದೂ ಕುರುಡು.
"ಮೊದ್ಲು ತಿರುಗ್ಸಿ ನೋಡ್ಬೇಕು. ಆಮೇಲೆ ಚಾಕು."

ಅವಳ ಹೋಳುಗಳೋ
ಒಂದು ದಪ್ಪ, ಒಂದು ಸೊಟ್ಟ, ಒಂದು ಬೆರಳುದ್ದ;
ಒಂದೊಂದರಲ್ಲೂ ಎರಡು ಕಣ್ಣು
ನಮ್ಮನ್ನೇ ನೋಡುತ್ತಿದ್ದವು.
ಕೊಯ್ದದ್ದನ್ನು ಈಗಲೇ ನೆಡುವಂತಿಲ್ಲವಂತೆ,
ನೆರಳಲ್ಲಿ ಹರಡಿ, ಗಾಯ ಒಣಗಲು ಬಿಡಬೇಕು.
"ಎಷ್ಟು ಹೊತ್ತು?" ಶೇಷಾದ್ರಿ ವಾಚು ನೋಡಿದ.
"ಒಣಗೋವಷ್ಟು," ಅಂದಳು.

ಸಂಜೆ ಶಟರ್ ಅರ್ಧ ಇಳಿಸಿ
ಹಳೆಯದೇ ಪ್ರಶ್ನೆ ಕೇಳಿದೆ.
ಇಬ್ಬರು ಬಂದವರ ಪಟ್ಟಿ ತೆರೆದರು.
ನಸ್ರೀನ್ ಮಾತ್ರ, ಉಗುರಿನ ಮಣ್ಣು ಕೆರೆಯುತ್ತಾ,
"ಅರಕಲಗೂಡಿನ ಕಡೆಯವರು, ಮೇಡಂ.
ಮೂರು ಸೋಮವಾರ ಆಯ್ತು."

ನನಗೆ ಗೊತ್ತಿರಲಿಲ್ಲ.
ಚಹಾ ಆರಿಹೋಗಿತ್ತು.
ಇನ್ನೊಂದು ತರಿಸಿ, ಅಂದೆ,
ಪೆನ್ಸಿಲು ಹುಡುಕುತ್ತಾ.