ಒಂದು ಗುಲಗಂಜಿ ಕಡಿಮೆ

ಅಪ್ಪ ಸತ್ತ ದಿನವೂ ಆರದ ಅಗ್ಗಿಷ್ಟಿಕೆ
ಮಂಗಳವಾರಗಳಲ್ಲಿ ಆರುತ್ತಿತ್ತು.
ಊದುಗೊಳವೆ ಗೋಡೆಗೊರಗಿಸಿ, ಬೀಡಿಕಟ್ಟು ಎದುರಂಗಡಿಗೆ ದಾಟಿಸಿ
ಕಾಯುತ್ತಿದ್ದೆ, ನಗರ್ತಪೇಟೆಯ ಆ ಸಂದಿಯಲ್ಲಿ:
ಎಡ್ವಿನಾ ಟೀಚರ್ ಮದ್ದು ತರುವ ದಿನ.

ಕಾಕ್ಸ್‌ಟೌನಿನಿಂದ ಆಟೋದಲ್ಲಿ, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ.
ತಾತನ ಕೋವಿ, ಬಾಯಿಂದ ತುಂಬುವಂಥದ್ದು:
ಮೊದಲು ಮದ್ದು, ಮೇಲೆ ಎಣ್ಣೆಬಟ್ಟೆ ಸುತ್ತಿದ ಸೀಸದ ಗುಂಡು,
ಗಜದಿಂದ ತಳದವರೆಗೆ ನೂಕು.
"ಮೌನೇಶಾಚಾರ್ರೇ, ಒಂದೊಂದು ಕೋವಿಗೆ ಒಂದೊಂದು ಹಸಿವು.
ಜಾಸ್ತಿ ಹಾಕಿದ್ರೆ ಕಕ್ತದೆ, ಕಮ್ಮಿಯಾದ್ರೆ ಮುನಿಸಿಕೊಳ್ತದೆ.
ಇದರದ್ದೆಷ್ಟು ಅಂತ ತಾತ ಬರೆದಿಟ್ಟಿಲ್ಲ."

ನನ್ನ ತಕ್ಕಡಿಗೆ ಗುಲಗಂಜಿಯೇ ಕಲ್ಲು.
ತೂಕಕ್ಕೆ ಆರಾರು ಪೊಟ್ಟಣ, ಮೇಲೆ ಪೆನ್ಸಿಲಿನ ಅಂಕಿ.
ಐದು ಹೊಡೆದು, ಒಂದು ಉಳಿಸಿ,
ಗುರಿಯ ಕಾಗದಗಳನ್ನು ಗಾಜಿನ ಕೌಂಟರಿನ ಮೇಲೆ ಹರವುವರು.
ಇಪ್ಪತ್ತೆಂಟು: ಓಣಿಯಲ್ಲಿ ಚದುರಿದ ಕೋಳಿಗಳು.
ಮೂವತ್ತು: ಅದೇ ಕೋಳಿಗಳು, ಸಂಜೆ.
ಮೂವತ್ತೆರಡು: ನಾಲ್ಕು ಗೂಡಿನಲ್ಲಿ, ಒಂದು ಪಕ್ಕದ ಮನೆಗೆ.
ಮೂವತ್ತನಾಲ್ಕು:
ಐದು ತೂತೂ ಸೇರಿ ಒಂದೇ ತೂತು.
ಒಂದು ಹಳೆಯ ಎಂಟಾಣೆ ಅದನ್ನು ಮುಚ್ಚಿತು.

"ಸಿಕ್ತು" ಅಂದರು.
ಲೆಕ್ಕ ಕಲಿಸಿದವರು, ಎರಡು ಸಲ ಹೇಳಲಿಲ್ಲ.
ಅಷ್ಟೇ ಹಿಡಿಯುವ ಹಿತ್ತಾಳೆಯ ಅಳತೆ ಮಾಡಿಕೊಟ್ಟೆ.
ಅದಕ್ಕೆಂದು ತೂಗುವಾಗ ಉಸಿರು ಹಿಡಿದು, ಕೈ ಹಿಂದೆ ಕಟ್ಟಿದ್ದೆ.
ಅಂಚಿಗೆ ಮಲ್ಲಿಗೆ ಮೊಗ್ಗಿನ ಸಾಲು. ಅದಕ್ಕೆ ದುಡ್ಡಿಲ್ಲ.

ಮುಂದಿನ ವಾರ ಕಾಗದದ ತುಂಬ ಕೋಳಿ.
ಬಟ್ಟೆ ಬದಲಾಯಿತೇ? ಇಲ್ಲ, ಅದೇ ಚಿಕ್ಕಪೇಟೆಯ ಮಲ್ಲು.
ನಳಿಗೆ ಒರೆಸಿದಿರಾ? ಪ್ರತಿ ಗುಂಡಿಗೂ.
ಮಂಜು? ಗಾಳಿ? ನಿಮ್ಮ ಕನ್ನಡಕ?
ಉತ್ತರಿಸದೆ, ಉಳಿದಿದ್ದ ಆರನೆಯ ಪೊಟ್ಟಣ ಬಿಚ್ಚಿ
ತಟ್ಟೆಗೆ ಸುರಿದರು.

ಮೂವತ್ತಮೂರು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತದಲ್ಲ ಊರು.
ನಲವತ್ತು ವರ್ಷ ಪಳಗಿದ ಹೆಬ್ಬೆರಳು
ಕದಿಯಲು ಏನೂ ಇಲ್ಲದ ಕಡೆಯೂ
ತಟ್ಟೆಯ ಅಂಚನ್ನು
ಅಷ್ಟೇ ಅಷ್ಟು ಮುಟ್ಟಿತ್ತು.

ಅವರು ಬೆರಳನ್ನು ನೋಡಿದರು, ನನ್ನನ್ನಲ್ಲ.
ಪುಸ್ತಕದಲ್ಲಿ ಅಂಕಿ ತಿದ್ದಿ,
'ಕಾರಣ' ಎಂದಿದ್ದ ಖಾನೆಯಲ್ಲಿ, ಕೊಂಚ ತಡೆದು,
ನನ್ನ ಹೆಸರು ಬರೆದರು.

ಅರ ಹಿಡಿದು ಅಳತೆಯ ಬಾಯಿ ಸವೆಸಲು ಕೂತೆ.
ಮೊದಲು ಹೋದದ್ದು ಮಲ್ಲಿಗೆ.
ಹಿತ್ತಾಳೆಯ ಹುಡಿ ಕಾಗದಕ್ಕೆ ಉದುರಿತು,
ಅಭ್ಯಾಸಕ್ಕೆ ಮಡಿಸಿ ಎತ್ತಿಡಹೋದೆ.

ಟೀಚರ್ ಕೆಮ್ಮಿದರು.