ಒಂಬತ್ತನೇ ಗೂಡು

ಬಿಸಿನೀರಿಗೆ ಅದ್ದಿ, ಮೆತ್ತಗಾದ ಮೇಲೆ ಬಾಯಿಗಿಟ್ಟು
"ಕಚ್ಚು, ಇಪ್ಪತ್ತು ಎಣಿಸೋ ತನಕ ಬಿಡಬೇಡ" ಅಂದೆ.
ಹದಿನೆಂಟು ಹುಡುಗರು, ಹದಿನೆಂಟು ದವಡೆಯ ಅಚ್ಚು.
ಸೆಲ್ವಂ ಅದನ್ನು ಅಜ್ಜನ ಹಲ್ಸೆಟ್ಟು ಅಂದ. ಹೆಸರು ನಿಂತಿತು.
ಒಳಗೆ ಅಕ್ಕಿಕಾಳಿನಷ್ಟು ಒಂದು ಚಿಪ್ಪು:
ತಲೆ ಎಷ್ಟು ಜೋರಾಗಿ ಅಲುಗಿತು, ಯಾವ ಕಡೆಗೆ, ಎಷ್ಟು ಗಂಟೆಗೆ,
ಎಲ್ಲ ಬರೆದುಕೊಳ್ಳುತ್ತದೆ.
ಓದುವುದು ನನ್ನ ಕೆಲಸ; ಸಂಜೆ ತೊಳೆದು, ಒರೆಸಿ,
ನಂಬರು ಬರೆದ ಗೂಡಿಗೆ ಹಾಕುವುದೂ.

ತುಂಗೆಯ ಆಚೆ, ಇಟ್ಟಿಗೆ ಭಟ್ಟಿಯ ಹಿಂದಿನ ಮೈದಾನ.
ಗೋಲಿಗೆ ಬಿದಿರಿನ ಗಳ. ಹುಲ್ಲಿಲ್ಲ, ಕೆಂಪು ಜಂಬುಮಣ್ಣು;
ಬಿದ್ದವನ ಮೊಣಕಾಲಲ್ಲಿ ಇರುವುದು ರಕ್ತವೋ ಮಣ್ಣೋ
ನೀರು ಹಾಕಿದ ಮೇಲೇ ಗೊತ್ತಾಗುವುದು.
ಪರದೆಯ ಮೇಲೆ ಹನ್ನೆರಡು ಜಿ, ಹದಿನೇಳು ಜಿ, ಮೂವತ್ತೊಂದು ಜಿ.
"ಮೂವತ್ತೊಂದು ಜೀ, ನಮಸ್ತೇ ಜೀ" ಎಂದು ಇಮ್ತಿಯಾಜ್ ಕೈಮುಗಿದ
ತನಗೇ ಬಿದ್ದ ಏಟಿಗೆ.
ದೊಡ್ಡ ಸಂಖ್ಯೆ ಬಂದವನಿಗೆ ಉಳಿದವರ ಚಪ್ಪಾಳೆ.
ಆವತ್ತಿನಿಂದ ಲ್ಯಾಪ್‌ಟಾಪನ್ನು ಬೆನ್ನು ತಿರುಗಿಸಿ ಇಡುತ್ತೇನೆ.

ಹಾಲೇಶ, ನಂಬರ್ ಒಂಬತ್ತು.
ಜಿಂಕೆಯ ಹಾಗೆ ಓಡಿ ಬರುತ್ತಾನೆ. ಕೊನೆಯ ಹೆಜ್ಜೆಯಲ್ಲಿ ಮಾತ್ರ
ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಾನೆ.
"ತಲೆ ಎತ್ತೋ!" ಧರ್ಮೋಜಿ ಸರ್ ಕೂಗಿ ಕೂಗಿ ಗಂಟಲು ಕಟ್ಟಿದೆ.
"ಅವನ ಸೊಂಟ ನೋಡು, ನೆಲ ಅಲ್ಲ.
ನೆಲ ಎಲ್ಲಿಗೂ ಓಡಿಹೋಗಲ್ಲ."
ತಗ್ಗಿದ ತಲೆಗೇ ಎದುರಿನವನ ಮೊಣಕಾಲು ಸಿಗುವುದು.
ಷರಾ ಕಾಲಮ್ಮಿನಲ್ಲಿ ಬರೆದೆ: ತಂತ್ರದ ದೋಷ.

ಬುಧವಾರ ಒಂಬತ್ತನೇ ಗೂಡು ಖಾಲಿ.
ಗುರುವಾರ ತಂದುಕೊಟ್ಟ. "ತಂಗಿಗೆ ತೋರ್ಸೋಕೆ ಒಯ್ದಿದ್ದೆ ಮೇಡಂ."
ಬೈಯಲಿಲ್ಲ. ಕೇಬಲ್ ಸಿಕ್ಕಿಸಿದೆ.
ಬುಧವಾರ ರಾತ್ರಿ ಒಂಬತ್ತು ನಲವತ್ತೆರಡು. ಇಪ್ಪತ್ತಾರು ಜಿ.
ತಲೆ ತಿರುಗಿದ್ದು ಎಡದಿಂದ ಬಲಕ್ಕೆ.
ಹನ್ನೊಂದು ಸೆಕೆಂಡು ಬಿಟ್ಟು ಇನ್ನೊಂದು. ಅದೂ ಎಡದಿಂದ ಬಲಕ್ಕೆ.
ಬಾಯಿಂದ ತೆಗೆದಿಡಲು ಹನ್ನೊಂದು ಸೆಕೆಂಡು ಧಾರಾಳ.
ತೆಗೆದಿರಲಿಲ್ಲ.

"ಕೈಜಾರಿ ಬಿತ್ತು" ಅಂದ.
ಬಿದ್ದದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ,
ಹಲ್ಲಿಗೆ ಅಂಟಿದ್ದರೆ ಮಾತ್ರ ಎಚ್ಚರವಾಗಿರುತ್ತದೆ.
ಇದನ್ನು ಅವನಿಗೆ ಹೇಳಲಿಲ್ಲ. ಎಡಗೆನ್ನೆ ನೋಡಿದೆ. ಏನೂ ಇರಲಿಲ್ಲ.
ಇರಲೇಬೇಕೆಂದೇನೂ ಇಲ್ಲ.

ನಿಯಮದ ಕಡತದಲ್ಲಿ ಸ್ಪಷ್ಟವಾಗಿದೆ:
ಆಟದ ವೇಳೆಯ ಹೊರಗಿನ ದಾಖಲೆ ಅಧ್ಯಯನಕ್ಕೆ ಸೇರದು, ಅಳಿಸಿ.
ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ.
ತೀರ್ಥಹಳ್ಳಿಯಲ್ಲಿ ನಮಗೊಬ್ಬ ಗಣಿತದ ಮೇಷ್ಟ್ರಿದ್ದರು,
ಡಸ್ಟರಿನ ಮರದ ಬೆನ್ನಿನಿಂದ ತಲೆ ಕುಟ್ಟಿ
"ಒಳಗೇನಾದ್ರೂ ಉಂಟಾ ನೋಡೋಣ" ಅನ್ನುತ್ತಿದ್ದರು.
ಕ್ಲಾಸೆಲ್ಲ ನಗುತ್ತಿತ್ತು. ನಾನೂ.
ಎಷ್ಟು ಜಿ ಇದ್ದೀತು? ಈಗ ಯೋಚಿಸುತ್ತೇನೆ,
ಯೋಚಿಸುವಷ್ಟು ತಲೆ ಉಳಿದಿದೆ, ಪುಣ್ಯ.

ಅಚ್ಚು ತೊಳೆದು ಅವನ ಕೈಗೆ ಕೊಟ್ಟೆ. ಕಚ್ಚಿಕೊಂಡು ಓಡಿದ.
"ತಲೆ ಎತ್ತೋ ಹಾಲೇಶ" ಶುರುವಾಯಿತು.
ಎದ್ದು ಹೋಗಿ ಧರ್ಮೋಜಿ ಸರ್ ತೋಳು ಹಿಡಿದೆ,
ಪರದೆಯನ್ನು ಅವರ ಕಡೆ ತಿರುಗಿಸಿದೆ.
ಎರಡು ಸಾಲು. ನಾಲ್ಕು ಸಲ ಓದಿದರು.
ಸೀಟಿಯನ್ನು ಅಂಗಿ ಜೇಬಿಗೆ ಹಾಕಿ,
"ಮನೆ ಎಲ್ಲಿ ಇವನದು?" ಅಂದರು.

ಅತ್ತ ಹಾಲೇಶ ಮತ್ತೆ ಓಡಿ ಬಂದ.
ಕೊನೆಯ ಹೆಜ್ಜೆಯಲ್ಲಿ ಕಣ್ಣು ತೆರೆದಿದ್ದನೋ ಇಲ್ಲವೋ
ನಾವಿದ್ದಲ್ಲಿಗೆ ಕಾಣಲಿಲ್ಲ.
ಇಬ್ಬರೂ ಧೂಳಿನಲ್ಲಿ ಬಿದ್ದರು, ಇಬ್ಬರೂ ಎದ್ದರು.
ಪರದೆಯ ಮೇಲೆ ಏನೂ ಬರಲಿಲ್ಲ.
ಹತ್ತಕ್ಕಿಂತ ಕಡಿಮೆಯದನ್ನು ಅದು ಬರೆದುಕೊಳ್ಳುವುದಿಲ್ಲ.