ಮೂವತ್ತನೆಯ ಸೆಕೆಂಡು

ಡೊಂಬಿವಲಿಯಲ್ಲಿ ಸದ್ದಿಲ್ಲದ ಹೊತ್ತು ಅಂತ ಇರುವುದು
ಕಡೆಯ ಲೋಕಲ್ಲು ಹೋಗಿ ಮೊದಲನೆಯದು ಬರುವ ತನಕ.
ಅಷ್ಟರೊಳಗೆ ನೆರೆಮನೆಯ ಫ್ರಿಜ್ಜು ಗೊರಕೆ ನಿಲ್ಲಿಸಬೇಕು,
ನಾನು ಫ್ಯಾನು ಆರಿಸಬೇಕು,
ಕಪಾಟಿನ ಸೀರೆಗಳನ್ನು ಅತ್ತಿತ್ತ ಸರಿಸಿ
ನಡುವೆ ತಲೆ ತೂರಿಸಿ
ಮೈಕಿಗೆ ತುಟಿ ತಾಗದಂತೆ ಹಾಡಬೇಕು.
ಏಪ್ರಿಲ್‌ನಲ್ಲಿ ಒಮ್ಮೆ ಬೆವರು ಬಿದ್ದ ಸದ್ದೂ ದಾಖಲಾಗಿತ್ತು.

ನಾಲ್ಕು ಹಾಡಿಗೆ ಹನ್ನೊಂದು ತಿಂಗಳು.
ಮೂರನೆಯದರ ಶುರುವಿಗೇ ಗೂಡ್ಸ್ ಗಾಡಿ ನುಗ್ಗಿತು.
ನಿಲ್ಲಿಸಲಿಲ್ಲ. ಮುಗಿಯಲಿ ಅಂತ ಕಾದೆ,
ಅದರ ಬಾಲದ ಸದ್ದು ಹಿಡಿದೇ ಶ್ರುತಿ ಎತ್ತಿದೆ.
ಹಾಗೆ ಎತ್ತಿದ್ದು ಎರಡನೇ ಸಲ ಬರಲಿಲ್ಲ,
ಆರು ರಾತ್ರಿ ಮಾಡಿ ನೋಡಿದೆ.

ಮಿಕ್ಸಿಂಗ್ ಮಾಡಿಕೊಟ್ಟ ಹುಡುಗ ತೇಜಸ್ ಪಾಟ್ಕರ್
(ಎರಡು ಸಾವಿರ, ಮೇಲೊಂದು ಡಬ್ಬಿ ನೀರುದೋಸೆ)
ಹೆಡ್‌ಫೋನ್ ತೆಗೆದು ಹೇಳಿದ:
"ವಾರಿಜಾ ತಾಈ, ಮೂವತ್ತು ಸೆಕೆಂಡು ಕೇಳಿದರಷ್ಟೇ ಕೇಳಿದ ಲೆಕ್ಕ.
ನಿಮ್ಮ ರೈಲೇ ಮೂವತ್ತೆಂಟು ಸೆಕೆಂಡು ಓಡ್ತದೆ.
ಕತ್ತರಿಸಲಾ?"
ಬೇಡ ಅಂದೆ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ.

ಆಮೇಲೆ ಫಾರ್ಮು.
ಹಾಡಿದವರು, ಬರೆದವರು, ರಾಗ ಹಾಕಿದವರು, ಹಕ್ಕುದಾರರು:
ನಾಲ್ಕೂ ಕಡೆ ನನ್ನದೇ ಹೆಸರು ಒತ್ತುವಾಗ
ಒಬ್ಬಳೇ ಕೂತು ಚೌಕಾಬಾರ ಆಡಿದ ಹಾಗೆ.
ಪ್ರಕಾರ? ಪಟ್ಟಿಯಲ್ಲಿ ನನ್ನದಿರಲಿಲ್ಲ; "ಇತರೆ" ಒತ್ತಿದೆ.
ಭಾಷೆ? ಇಳಿಯುತ್ತ ಇಳಿಯುತ್ತ ಹೋದರೆ ಕನ್ನಡ ಸಿಕ್ಕಿತು,
ಜಾವಾದವರ ಪಕ್ಕ,
ಲೋಕಲ್ಲಿನ ನಾಲ್ಕನೇ ಸೀಟಿನಲ್ಲಿ ಅರ್ಧ ಊರಿಕೊಂಡು.
ಅಶ್ಲೀಲ ಪದಗಳಿವೆಯೇ? ಇಲ್ಲ.
ಒಂದು ಇತ್ತು, ತುಳುವಿನಲ್ಲಿ.

ಶುಕ್ರವಾರ ಎಲ್ಲ ಪ್ಲಾಟ್‌ಫಾರ್ಮಿಗೂ ಒಂದೇ ಹೊತ್ತಿಗೆ ಬರುತ್ತದೆ
ಅಂತ ಮೇಲ್ ಬಂತು.
ಡೊಂಬಿವಲಿಯವಳು ನಾನು, ನಂಬಲಿಲ್ಲ.
ಎರಡಕ್ಕೆ ಅಂದ ಗಾಡಿ ಐದಕ್ಕೆ ಬಂದು
ಸೇತುವೆ ಹತ್ತಿಸಿ ಓಡಿಸಿದ್ದು ಎಷ್ಟು ಸಲ!
ಹಾಗೇ ಆಯಿತು. ನನ್ನ ಹಾಡು ಹೋಗಿ ನಿಂತದ್ದು
ಇನ್ನೊಬ್ಬ ವಾರಿಜಾಳ ಪುಟದಲ್ಲಿ. ಆಕೆ ಭಜನೆಯವಳು.
ಒಂಬತ್ತು ದಿನ ಸಾವಿರದ ಚಿಲ್ಲರೆ ಕೇಳುಗರು,
ದೇವರು ಈಗ ಬಂದಾನು, ಆಗ ಬಂದಾನು ಅಂತ
ಗೂಡ್ಸ್ ಗಾಡಿಗೆ ಕಿವಿಗೊಟ್ಟವರು.
ದೂರು ಕೊಟ್ಟು ನನ್ನ ಪುಟಕ್ಕೆ ತರಿಸಿಕೊಂಡೆ.
ಈಗ ಹದಿನಾಲ್ಕು ಜನ.

ಅಂಕಿ ನೋಡುವ ಚಟ ಹತ್ತಿತು.
ನಾಶಿಕದಲ್ಲಿ ಒಬ್ಬರು. ಮಸ್ಕತ್ತಿನಲ್ಲಿ ಒಬ್ಬರು, ಅದು ನನ್ನ ತಮ್ಮ.
ಉಳಿದವರು ಇಪ್ಪತ್ತೆರಡನೇ, ಇಪ್ಪತ್ತೇಳನೇ ಸೆಕೆಂಡಿಗೆ
ಮದುವೆಮನೆಯಲ್ಲಿ ಊಟ ತಡವಾದವರ ಹಾಗೆ ಎದ್ದುಹೋಗುತ್ತಾರೆ;
ನಾನಿನ್ನೂ ಬಾಯಿ ತೆರೆದಿರುವುದಿಲ್ಲ.
ಗಳಿಕೆ ಈವರೆಗೆ ಮೂರು ರೂಪಾಯಿ ನಲವತ್ತು ಪೈಸೆ.
ಅದು ಕೈಗೆ ಬರುವಷ್ಟಾಗಲು, ಇದೇ ವೇಗದಲ್ಲಿ,
ನನ್ನ ಮರಿಮಕ್ಕಳಿಗೆ ಪಾಸ್‌ವರ್ಡ್ ಬರೆದಿಡಬೇಕು.

ಹಗಲು ನನ್ನ ಕೆಲಸ ಘಾಟ್‌ಕೋಪರ್‌ನ ಕಿವಿಯಂತ್ರದ ಅಂಗಡಿಯಲ್ಲಿ.
"ಪೀಂ ಅಂದಾಗ ಬೆರಳೆತ್ತಿ" ಅನ್ನುವುದು,
ಮರಾಠಿಯಲ್ಲಿ, ಗುಜರಾತಿಯಲ್ಲಿ, ಹಿಂದಿಯಲ್ಲಿ.
ಮೊನ್ನೆ ಖಾನ್‌ವಿಲ್ಕರ್ ಎಂಬ ಮುದುಕರು ಬಂದರು,
ಎಡಗಿವಿ ಪೂರ್ತಿ ಹೋಗಿದೆ, ಬಲದಲ್ಲಿ ಅರ್ಧ.
ಹೊಸ ಯಂತ್ರ ಕೂರಿಸಿ, ಪರೀಕ್ಷೆಗೆಂದು
ಅಂಗಡಿಯ ಹಳೇ ಶಹನಾಯಿ ಬಿಟ್ಟು
ನನ್ನ ಮೊಬೈಲಿನಿಂದ ಮೂರನೆಯ ಹಾಡು ಹಚ್ಚಿದೆ.
ನನ್ನಲ್ಲೇ ಇರುವ ಫೈಲು ಅದು. ಲೆಕ್ಕಕ್ಕೆ ಬರುವುದಿಲ್ಲ.

ಅವರು ಕಣ್ಣು ಮುಚ್ಚಿದರು. ಬೆರಳು ಮಡಚುತ್ತ ಹೋದರು.
ಹತ್ತು. ಇಪ್ಪತ್ತು. ಮೂವತ್ತು ದಾಟಿತು.
ನನ್ನ ದನಿ ಬಂತು, ಅಲೆದಾಡಿತು, ಮುಗಿಯಿತು.

"ಗಾರ್ಡ್ ಆಗಿದ್ದೆ," ಅಂದರು, "ಮೂವತ್ತೊಂದು ವರ್ಷ.
ನಲವತ್ತೆರಡು ವ್ಯಾಗನ್ನು. ಎಲ್ಲ ಖಾಲಿ.
ತುಂಬಿದ್ದರೆ ಹೀಗೆ ಕುಣಿಯೋದಿಲ್ಲ, ಹಳಿ ಕಚ್ಚಿಕೊಂಡು ಹೋಗ್ತವೆ.
ಇವು ತುಂಬಿಸಿಕೊಳ್ಳೋಕೆ ಹೋಗ್ತಾ ಇವೆ."

ಮತ್ತೆ ಹಾಡು? ಅಂದೆ.
"ಹಾಡೂ ಇತ್ತು, ಗಾಡಿ ಹೋದ ಮೇಲೆ."

ಆಮೇಲೆ ಬ್ಯಾಟರಿ ಎಷ್ಟು ದಿನ ಬರುತ್ತದೆ,
ಹಿರಿಯ ನಾಗರಿಕರಿಗೆ ಏನಾದರೂ ಬಿಡುತ್ತೀರಾ, ಅಂತ ಕೇಳಿದರು.